ಸೋತವರ ಎರಡನೆಯ ಮತ

ಬಹುಮತವೆಂಬ ಮಾತು ನಮ್ಮ ಸಾರ್ವಜನಿಕ ಜೀವನದಲ್ಲಿ ದಿನಬಳಕೆಯ ನಾಣ್ಯವಾಗಿಬಿಟ್ಟಿದೆ. ಸಹಕಾರ ಸಂಘದ ಸಭೆಯಲ್ಲಿ, ಶಾಲೆಯ ಸಮಿತಿಯಲ್ಲಿ, ಪುರಸಭೆಯಲ್ಲಿ, ವಿಧಾನಸಭೆಯಲ್ಲಿ ಎಲ್ಲೆಲ್ಲಿಯೂ ಅದೇ ನಾಣ್ಯದ ಚಲಾವಣೆ. ಕೈಯಿಂದ ಕೈಗೆ ಸಾಗಿ ಸವೆದ ನಾಣ್ಯದ ಮೇಲಿನ ಮುದ್ರೆಯನ್ನು ಯಾರೂ ಓದಿನೋಡುವುದಿಲ್ಲವಷ್ಟೆ. ಓದಿನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ಅರ್ಥಗಳು ಕಾಣುತ್ತವೆ. ಕಣದಲ್ಲಿರುವ ಉಳಿದ ಒಬ್ಬೊಬ್ಬರಿಗಿಂತ ಹೆಚ್ಚು ಮತ ಪಡೆಯುವುದು ಒಂದು. ಉಳಿದವರೆಲ್ಲರ ಮತಗಳನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು ಮತ ಪಡೆಯುವುದು ಇನ್ನೊಂದು. ನಮ್ಮ ಚುನಾವಣೆಗಳಲ್ಲಿ ಮೊದಲನೆಯ ಅರ್ಥದಲ್ಲಿ ಗೆದ್ದವನು, ವಿಜಯೋತ್ಸವದ ಭಾಷಣದಲ್ಲಿ ಎರಡನೆಯ ಅರ್ಥದಲ್ಲಿ ಮಾತನಾಡುತ್ತಾನೆ. ಕೇಳುವ ನಾವು ಚಪ್ಪಾಳೆ ತಟ್ಟುತ್ತೇವೆ.

ತರಗತಿಯಲ್ಲಿ ಪೌರನೀತಿಯ ಪಾಠ ಹೇಳುವಾಗ ನಾನು ಈ ವ್ಯತ್ಯಾಸವನ್ನು ಒಂದು ಲೆಕ್ಕದಿಂದ ತೋರಿಸುವುದುಂಟು. ಅರುವತ್ತು ಮಕ್ಕಳ ತರಗತಿ. ನಾಯಕನ ಸ್ಥಾನಕ್ಕೆ ಮೂವರು ನಿಂತಿದ್ದಾರೆ. ಮೊದಲನೆಯವನಿಗೆ 24, ಎರಡನೆಯವನಿಗೆ 20, ಮೂರನೆಯವನಿಗೆ 16 ಮತಗಳು ಬಂದವೆನ್ನೋಣ. ರೂಢಿಯ ನಿಯಮದಂತೆ ಮೊದಲನೆಯವನು ನಾಯಕನಾದ. ಆದರೆ ಅವನು ಬೇಕೆಂದವರು 24 ಮಂದಿ; ಬೇರೆ ಯಾರಾದರೂ ಆಗಬಹುದಿತ್ತೆಂದವರು 36 ಮಂದಿ. ಈಗ ಮೂರನೆಯವನನ್ನು ಕಣದಿಂದ ಬಿಟ್ಟು ಮತ್ತೊಮ್ಮೆ ಮತ ಹಾಕಿಸಿರಿ. ಅವನಿಗೆ ಮತ ಕೊಟ್ಟ ಹದಿನಾರು ಮಕ್ಕಳಲ್ಲಿ ಹದಿಮೂವರು ಎರಡನೆಯವನ ಕಡೆಗೂ ಮೂವರು ಮೊದಲನೆಯವನ ಕಡೆಗೂ ಹೋದರೆ ಫಲಿತಾಂಶ 33ಕ್ಕೆ 27 ಆಗಿ ತಲೆಕೆಳಗಾಗುತ್ತದೆ. "ಯಾವುದು ಸರಿ, ಸಾರ್?" ಎಂದು ಮಕ್ಕಳು ಕೇಳುತ್ತಾರೆ. ಎರಡೂ ಸರಿಯೇ. ಪ್ರಶ್ನೆಗಳು ಬೇರೆ. ಹೆಚ್ಚು ಮಂದಿ ಮೊದಲು ಬಯಸಿದ್ದು ಯಾರನ್ನು ಎಂಬುದು ಒಂದು ಪ್ರಶ್ನೆ. ಕೊನೆಗುಳಿದ ಇಬ್ಬರಲ್ಲಿ ಹೆಚ್ಚು ಮಂದಿ ಒಪ್ಪುವುದು ಯಾರನ್ನು ಎಂಬುದು ಇನ್ನೊಂದು. ಒಂದು ತರಗತಿಗೋ ಒಂದು ಊರಿಗೋ ಯಜಮಾನನನ್ನು ಗೊತ್ತುಮಾಡುವಾಗ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದೇ ಇಲ್ಲಿನ ವಿಚಾರ.

ಎರಡನೆಯ ಪ್ರಶ್ನೆಯನ್ನೇ ಕೇಳುವ ನಗರಗಳು ಜಗತ್ತಿನಲ್ಲಿ ಹಲವಿವೆ. ಅಮೆರಿಕದ ಷಿಕಾಗೋ ಅವುಗಳಲ್ಲಿ ಒಂದು. ಅಲ್ಲಿಯ ಮೇಯರನ್ನು ನಗರದ ಮತದಾರರೇ ನೇರವಾಗಿ ಆರಿಸುತ್ತಾರೆ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರಿರುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲಿನ ಇಬ್ಬರನ್ನು ಮಾತ್ರ ಉಳಿಸಿಕೊಂಡು ಕೆಲವು ವಾರಗಳ ನಂತರ ಮತ್ತೆ ಮತದಾನ ನಡೆಸುತ್ತಾರೆ. ಈ ಪದ್ಧತಿ ಅಲ್ಲಿ ಆಚರಣೆಗೆ ಬಂದದ್ದು 1999ರಲ್ಲಿ. ಎರಡನೆಯ ಸುತ್ತಿನ ಅಗತ್ಯ ಮೊದಲ ಬಾರಿಗೆ ಬಿದ್ದದ್ದು 2015ರಲ್ಲಿ. 2023ರ ಫೆಬ್ರವರಿ 28ರಂದು ಒಂಬತ್ತು ಮಂದಿ ಸ್ಪರ್ಧಿಸಿದ್ದರು. ಪಾಲ್ ವ್ಯಾಲಸ್ ಎಂಬವರಿಗೆ ಶೇಕಡ 33ರಷ್ಟು, ಬ್ರಾಂಡನ್ ಜಾನ್ಸನ್ ಎಂಬವರಿಗೆ ಶೇಕಡ 22ರಷ್ಟು ಮತಗಳು ಬಂದವು; ಅಧಿಕಾರದಲ್ಲಿದ್ದ ಮೇಯರ್ ಲೋರಿ ಲೈಟ್‌ಫುಟ್ ಮೂರನೆಯವರಾಗಿ ಹೊರಬಿದ್ದರು. ನಮ್ಮ ನಿಯಮವಿದ್ದಿದ್ದರೆ ಅಂದು ಸಂಜೆಯೇ ವ್ಯಾಲಸ್ ಅವರ ಕೊರಳಿಗೆ ಹಾರ ಬೀಳುತ್ತಿತ್ತು. ಆದರೆ ಏಪ್ರಿಲ್ 4ರಂದು ನಡೆದ ಎರಡನೆಯ ಸುತ್ತಿನಲ್ಲಿ ಶೇಕಡ 52ರಷ್ಟು ಮತ ಪಡೆದು ಗೆದ್ದವರು ಜಾನ್ಸನ್.

ಇದರಲ್ಲಿ ಗಮನಿಸತಕ್ಕದ್ದು ಯಾರು ಗೆದ್ದರೆಂಬುದಲ್ಲ. ನಡುವಣ ಐದು ವಾರಗಳಲ್ಲಿ ಏನು ನಡೆಯಿತೆಂಬುದು. ಇಬ್ಬರು ಅಭ್ಯರ್ಥಿಗಳೂ ತಮಗೆ ಮತ ಕೊಡದ ಜನರ ಬಳಿಗೇ ಹೋಗಬೇಕಾಯಿತು. ಸೋತ ಏಳು ಮಂದಿಗೆ ಮತ ಕೊಟ್ಟವರು ಕಸದ ಬುಟ್ಟಿಗೆ ಬೀಳುವ ಬದಲು ತಕ್ಕಡಿಯ ಮುಳ್ಳಾದರು. ತನ್ನವರ ಜಯಕಾರದಿಂದ ಮಾತ್ರ ಮೊದಲ ಸುತ್ತನ್ನು ದಾಟಬಹುದು; ಎರಡನೆಯ ಸುತ್ತನ್ನು ದಾಟಲು ಪರರ ಒಪ್ಪಿಗೆ ಬೇಕು. ಎರಡು ಸುತ್ತುಗಳ ಚುನಾವಣೆಯ ಸಾರವೆಲ್ಲ ಇಷ್ಟರಲ್ಲಿಯೇ ಇದೆ.

ಈಗ ನಮ್ಮ ಊರಿಗೆ ಬರೋಣ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲುಮಾರ್ಗದಲ್ಲಿ "ಹೊಸದುರ್ಗ ರೋಡ್" ಎಂಬ ನಿಲ್ದಾಣವಿದೆ. ಅಲ್ಲಿ ಇಳಿದ ಪರಸ್ಥಳದವನು ಹೊಸದುರ್ಗಕ್ಕೆ ಬಂದೆನೆಂದು ತಿಳಿದರೆ ಅವನಿಗೆ ನಿರಾಶೆ ತಪ್ಪಿದ್ದಲ್ಲ. ಊರು ಅಲ್ಲಿಂದ ಇನ್ನೂ ಹಲವು ಮೈಲಿ. ನಿಲ್ದಾಣಕ್ಕೆ ಊರಿನ ಹೆಸರಿದೆ, ಊರು ಅಲ್ಲಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷಪೀಠದ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೆ ಊರಿನ ಹೆಸರಿದೆ. ಊರವರ ಮತ ಅಲ್ಲಿಯವರೆಗೆ ತಲಪುವುದಿಲ್ಲ.

ಕರ್ನಾಟಕದ 1964ರ ಪುರಸಭೆಗಳ ಅಧಿನಿಯಮದಂತೆ ಮತದಾರರು ಆರಿಸುವುದು ತಮ್ಮ ತಮ್ಮ ವಾರ್ಡಿನ ಸದಸ್ಯರನ್ನು ಮಾತ್ರ. ಅಧ್ಯಕ್ಷ ಉಪಾಧ್ಯಕ್ಷರನ್ನು ಆ ಸದಸ್ಯರು ತಮ್ಮೊಳಗಿನಿಂದ ಆರಿಸಿಕೊಳ್ಳುತ್ತಾರೆ. ಸರಕಾರ ನೇಮಿಸಿದ ಸದಸ್ಯರಿಗೆ ಇಲ್ಲಿ ಮತವಿಲ್ಲ. ಆದರೆ ಆ ಕ್ಷೇತ್ರದ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಮತವುಂಟು. ಹೊಸದುರ್ಗದಂಥ ಇಪ್ಪತ್ತಮೂರು ವಾರ್ಡುಗಳ ಪುರಸಭೆಯಲ್ಲಿ ಇವರಿಬ್ಬರೂ ಸೇರಿದರೆ ಇಪ್ಪತ್ತೈದು ಮತಗಳು. ಹದಿಮೂರು ಕೈಗಳು ಮೇಲೆದ್ದರೆ ಊರಿಗೊಬ್ಬ ಅಧ್ಯಕ್ಷ ಸಿಕ್ಕಿದಂತಾಯಿತು. ಮತಗಳು ಸಮಸಮವಾದರೆ ಚೀಟಿ ಎತ್ತಿ ತೀರ್ಮಾನ. ಚರಂಡಿಯ ಹೂಳು, ನಲ್ಲಿಯ ನೀರು, ಸಂತೆಯ ಕಸ, ಬೀದಿಯ ದೀಪ ಇವೆಲ್ಲವೂ ಊರಿನ ಪ್ರತಿಯೊಂದು ಮನೆಯ ಬಾಗಿಲಿನ ವಿಷಯಗಳು. ಅವುಗಳ ಯಜಮಾನಿಕೆಯನ್ನು ಗೊತ್ತುಮಾಡುವುದು ಹದಿಮೂರು ಕೈಗಳು.

ಹದಿಮೂರು ಮಂದಿಯನ್ನು ಒಲಿಸುವುದು ಒಂದು ಊರನ್ನು ಒಲಿಸುವುದಕ್ಕಿಂತ ಸುಲಭವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಚುನಾವಣೆಗೆ ಮುನ್ನ ಸದಸ್ಯರ ಗುಂಪು ಪ್ರವಾಸ ಹೊರಡುವುದು, ದೂರದ ರೆಸಾರ್ಟಿನಲ್ಲಿ ತಂಗುವುದು, ಮತದಾನದ ಬೆಳಗ್ಗೆ ನೇರವಾಗಿ ಸಭಾಂಗಣದ ಮುಂದೆ ವಾಹನದಿಂದಿಳಿಯುವುದು ರಾಜ್ಯದ ನಗರಸಭೆ ಪುರಸಭೆಗಳಲ್ಲಿ ಈಗ ಸುದ್ದಿಯಾಗಿ ಉಳಿದಿಲ್ಲ. ಮೂವತ್ತು ತಿಂಗಳ ಅವಧಿಯನ್ನು ತುಂಡುಮಾಡಿ, ಇಷ್ಟು ತಿಂಗಳು ಒಬ್ಬರಿಗೆ ಇಷ್ಟು ತಿಂಗಳು ಇನ್ನೊಬ್ಬರಿಗೆ ಎಂಬ ಒಳಒಪ್ಪಂದಗಳೂ ಅಪರೂಪವಲ್ಲ. ಪಾಲುದಾರಿಕೆಯ ಜಮೀನಿಗೆ ಗೊಬ್ಬರ ಹಾಕುವವರಾರು? ಹತ್ತು ತಿಂಗಳ ಒಡೆಯನಿಗೆ ಹತ್ತು ವರ್ಷದ ಯೋಜನೆಯಲ್ಲಿ ಮನಸ್ಸು ನಿಲ್ಲಲಾರದು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಪೀಠವೇ ಬರಿದಾಗಿದ್ದ ಕಾಲವೊಂದನ್ನು ನಾವು ಕಂಡಿದ್ದೇವೆ. 2018ರ ಆಗಸ್ಟ್ 31ರಂದು ಹೊಸದುರ್ಗವೂ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶವೂ ಬಂದಿತು. ಆದರೆ ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ಸರದಿ ನ್ಯಾಯಾಲಯದ ಮೆಟ್ಟಿಲೇರಿತು. ಗೆದ್ದ ಸದಸ್ಯರು ಪ್ರಮಾಣಪತ್ರಗಳನ್ನು ಮನೆಯಲ್ಲಿಟ್ಟುಕೊಂಡು ಎರಡು ವರ್ಷ ಕಾದರು. ಹೊಸ ಪಟ್ಟಿ ಹೊರಬಿದ್ದು ಅಧ್ಯಕ್ಷರ ಆಯ್ಕೆ ನಡೆಯುವ ವೇಳೆಗೆ 2020ರ ಅಕ್ಟೋಬರ್ ನವೆಂಬರ್ ತಿಂಗಳುಗಳು ಬಂದಿದ್ದವು. ಆ ಮೊದಲ ಅವಧಿ 2023ರ ಮಧ್ಯಭಾಗದಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಬರಲು 2024ರ ಆಗಸ್ಟ್ ಆಗಬೇಕಾಯಿತು. ನಡುವೆ ಆಡಳಿತಾಧಿಕಾರಿಗಳ ಆಳ್ವಿಕೆ. ಅಧಿಕಾರಿಗಳು ಕೆಲಸ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. ಮೀಸಲಾತಿಯೇ ತಪ್ಪೆಂದಂತೂ ಹೇಳುತ್ತಲೇ ಇಲ್ಲ. ಅದು ಸಂವಿಧಾನದ ಆಜ್ಞೆ, ಶತಮಾನಗಳ ಅನ್ಯಾಯಕ್ಕೆ ತಡವಾಗಿ ಬಂದ ಪರಿಹಾರ. ನನ್ನ ವ್ಯಸನ ಬೇರೆ. ಎರಡು ಬಾರಿ, ತಿಂಗಳುಗಟ್ಟಲೆ ಕಾಲ, ಊರಿಗೆ ಅಧ್ಯಕ್ಷನಿರಲಿಲ್ಲ. ಆದರೂ ಊರು ಅದನ್ನು ತನ್ನ ನಷ್ಟವೆಂದು ಬಗೆಯಲಿಲ್ಲ. ತಾನು ಆರಿಸದ ಯಜಮಾನ ಇದ್ದರೇನು, ಇಲ್ಲದಿದ್ದರೇನು ಎಂದು ಸುಮ್ಮನಿತ್ತು. ಆ ಮೌನವೇ ಈ ಪದ್ಧತಿಯ ಮೇಲೆ ಜನ ಬರೆದ ಷರಾ.

"ಪಕ್ಷಗಳನ್ನು ಊರಿನಿಂದ ಹೊರಗಿಟ್ಟರೆ ಎಲ್ಲವೂ ಸರಿಹೋಗುತ್ತದೆ" ಎನ್ನುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಚರಂಡಿಗೆ ಪಕ್ಷವಿಲ್ಲವೆಂಬುದು ಅವರ ವಾದ. ಮಾತು ಸುಂದರವಾಗಿದೆ. ಆದರೆ ಅದರ ಪರೀಕ್ಷೆ ನಮ್ಮ ರಾಜ್ಯದಲ್ಲಿಯೇ 1993ರಿಂದ ನಡೆಯುತ್ತ ಬಂದಿದೆ. ಆ ವರ್ಷದ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷರಹಿತ. ಪಕ್ಷದ ಚಿಹ್ನೆಗೆ ಅಲ್ಲಿ ಪ್ರವೇಶವಿಲ್ಲ. ಆದರೂ ಮತ ಎಣಿಕೆ ಮುಗಿದ ಸಂಜೆಯೇ ಇಂತಿಷ್ಟು ಮಂದಿ ತಮ್ಮ ಬೆಂಬಲಿಗರೆಂದು ಎಲ್ಲ ಪಕ್ಷಗಳೂ ಪಟ್ಟಿ ಹೊರಡಿಸುತ್ತವೆ. ಪಟ್ಟಿಗಳನ್ನು ಕೂಡಿಸಿದರೆ ಒಟ್ಟು ಸ್ಥಾನಗಳಿಗಿಂತ ಹೆಚ್ಚು ಸದಸ್ಯರು ಸಿಕ್ಕರೂ ಆಶ್ಚರ್ಯವಿಲ್ಲ. ಚಿಹ್ನೆ ಹೋದ ಜಾಗಕ್ಕೆ ಜಾತಿ, ಕುಲ, ಕೇರಿ, ಹಣಗಳು ಬಂದು ಕುಳಿತುಕೊಳ್ಳುತ್ತವೆ. 2020ರ ಡಿಸೆಂಬರಿನಲ್ಲಿ ನಡೆದ ಪಂಚಾಯಿತಿ ಚುನಾವಣೆಯ ವೇಳೆ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಹರಾಜಿನಲ್ಲಿ ಕೂಗಿದವನೇ "ಅವಿರೋಧ ಆಯ್ಕೆ"ಯಾದವನು! ಪಕ್ಷವಿಲ್ಲದಿರುವುದೊಂದೇ ಪುಣ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಷಿಕಾಗೋದಲ್ಲಿಯೂ ಪಕ್ಷ ಮಾಯವಾಗಿರಲಿಲ್ಲ; ಕೊನೆಗುಳಿದ ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ. ಆದರೆ ಅಲ್ಲಿ ಪಕ್ಷರಹಿತ ಮತಪತ್ರದ ಜೊತೆಗೆ ಎರಡನೆಯ ಸುತ್ತೂ ಇತ್ತು. ಪಕ್ಷದ ಹೆಸರಿಲ್ಲದೆ ಹತ್ತು ಮಂದಿ ಕಣಕ್ಕಿಳಿದಾಗ ಮತಗಳು ಹಂಚಿಹೋಗುವುದು ಸಹಜ. ಹಂಚಿಹೋದ ಕಣದಲ್ಲಿ ದೊಡ್ಡ ಕುಲವೊಂದರ ಗಟ್ಟಿ ಬೆಂಬಲವಿದ್ದವನು ಊರಿನ ಕಾಲುಭಾಗದ ಮತದಿಂದಲೇ ಗೆದ್ದುಬಿಡಬಲ್ಲ. ಆದ್ದರಿಂದ ಪಕ್ಷರಹಿತವೂ ಹೌದು, ಒಂದೇ ಸುತ್ತಿನದೂ ಹೌದು ಎನ್ನುವ ಚುನಾವಣೆ ಜಾತಿಯ ಲೆಕ್ಕಾಚಾರಕ್ಕೆ ಹಾಸಿಕೊಟ್ಟ ಕಂಬಳಿ. ಎರಡನೆಯ ಸುತ್ತು ಬಂದೊಡನೆ ಲೆಕ್ಕ ಬದಲಾಗುತ್ತದೆ. ತನ್ನ ಕೇರಿಯ ಮತವೊಂದೇ ಸಾಲದು. ಪಕ್ಕದ ಕೇರಿಯ ಹೊಸ್ತಿಲನ್ನೂ ಏರಬೇಕು.

ಎರಡನೆಯ ಮತವೆಂಬುದು ನಮ್ಮ ದೇಶಕ್ಕೆ ಅಪರಿಚಿತವೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ದೇಶದ ಅತ್ಯುನ್ನತ ಪದವಿಯನ್ನು ನಿರ್ಧರಿಸಿದ ಪ್ರಸಂಗವೊಂದುಂಟು. ಆ ಪ್ರಸಂಗದ ನಡುವೆ ನಿಂತವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಎಂಬುದನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಾದರೂ ನೆನಪಿಡಬೇಕು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಗೊತ್ತುಮಾಡಿದರು. ಉಪರಾಷ್ಟ್ರಪತಿ ವಿ.ವಿ. ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘಗಳ ಬೆಂಬಲದಿಂದ ಸಿ.ಡಿ. ದೇಶಮುಖರು ಕಣಕ್ಕಿಳಿದರು.

ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದಾರನು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ತನ್ನ ಪ್ರಾಶಸ್ತ್ಯವನ್ನು ಬರೆಯುತ್ತಾನೆ. ಮೊದಲ ಎಣಿಕೆಯಲ್ಲಿ ಯಾರೂ ಅರ್ಧವನ್ನು ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾರೆ. ಎರಡು ಸುತ್ತುಗಳ ಚುನಾವಣೆಯನ್ನೇ ಒಂದು ಕಾಗದದಲ್ಲಿ ಮಡಿಸಿಟ್ಟಂತೆ. ಹೀಗಿರುವಲ್ಲಿ, ದೇಶಮುಖರ ಪಾಲಿನ ಎರಡನೆಯ ಮತಗಳು ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕೇಳಿದರು. ಪದ್ಧತಿಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅಸಹಜವಾದದ್ದೇನೂ ಇರಲಿಲ್ಲ. ಎರಡನೆಯ ಮತವಿರುವುದೇ ಕೇಳುವುದಕ್ಕಾಗಿ. ಆದರೆ ಆ ಕೋರಿಕೆಯೇ ಬೆಂಕಿಗೆ ಗಾಳಿಯಾಯಿತು. ಎದುರಾಳಿ ಪಕ್ಷಗಳೊಡನೆ ಗುಪ್ತ ಒಡಂಬಡಿಕೆ ನಡೆದಿದೆಯೆಂಬ ಆಕ್ಷೇಪವೆದ್ದಿತು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಕೊಡುವ ಸ್ವಾತಂತ್ರ್ಯವನ್ನು ಎತ್ತಿಹಿಡಿದರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯಗಳು. ಗೆಲ್ಲಲು ಬೇಕಾಗಿದ್ದದ್ದು 4,18,169. ಉಳಿದವರೆಲ್ಲರ ಮತಪತ್ರಗಳನ್ನು ಹಂಚಿ ಮುಗಿಸಿದಾಗ ಗಿರಿಯವರದು 4,20,077, ರೆಡ್ಡಿಯವರದು 4,05,427. ಅಂದರೆ ಹಂಚಿಕೆಯಿಂದ ರೆಡ್ಡಿಯವರಿಗೆ ಬಂದದ್ದು 91,879. ಗಿರಿಯವರಿಗೆ ಬಂದದ್ದು 18,562 ಮಾತ್ರ. ನಿಜಲಿಂಗಪ್ಪನವರು ಬೇಡಿದ ಎರಡನೆಯ ಮತಗಳು ಬಹುಮಟ್ಟಿಗೆ ಬಂದೇ ಬಂದವು. ಕೈಕೊಟ್ಟದ್ದು ಮನೆಯ ಮೊದಲ ಮತಗಳು. ಆ ನವೆಂಬರಿನಲ್ಲಿ ಕಾಂಗ್ರೆಸ್ಸು ಎರಡಾಯಿತು. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ನಿಜಲಿಂಗಪ್ಪನವರ ಸಮಾಧಿಯಿದೆ. ಹೆದ್ದಾರಿಯಲ್ಲಿ ಹೋಗುವವರು ಅಲ್ಲಿ ವಾಹನ ನಿಲ್ಲಿಸಿದಾಗ, ಎರಡನೆಯ ಮತದ ಮಹತ್ತ್ವವನ್ನೂ ಅಪಾಯವನ್ನೂ ಈ ನಾಡಿನಲ್ಲಿ ಬಹುಶಃ ಎಲ್ಲರಿಗಿಂತ ಚೆನ್ನಾಗಿ ಅರಿತ ರಾಜಕಾರಣಿ ಇಲ್ಲಿ ಮಲಗಿದ್ದಾರೆಂದು ನೆನೆಯಬಹುದು.

ಈ ಪ್ರಸಂಗದಿಂದ ನಾನು ಕಲಿತ ಪಾಠಗಳು ಎರಡು. ಎರಡನೆಯ ಮತವನ್ನು ಮತದಾರನಿಂದ ಕೇಳಬೇಕೇ ಹೊರತು ಅವನ ನಾಯಕನಿಂದ ಕೇಳಬಾರದು. ನಾಯಕನಿಂದ ಕೇಳಿದರೆ ಪ್ರಾರ್ಥನೆಯೂ ವ್ಯಾಪಾರದಂತೆ ಕಾಣುತ್ತದೆ. ಇದು ಮೊದಲನೆಯದು. ಕೇಳುವುದು ಬಯಲಿನಲ್ಲಿ ನಡೆಯಬೇಕು, ಕೇಳುವುದಕ್ಕೂ ಕೊಡುವುದಕ್ಕೂ ನಡುವೆ ಕಾಲಾವಕಾಶವಿರಬೇಕು ಎಂಬುದು ಎರಡನೆಯದು. ಒಂದೇ ದಿನ ಒಂದೇ ಕಾಗದದಲ್ಲಿ ಒಂದು ಎರಡು ಎಂದು ಬರೆಯುವವನು, ಕೊನೆಗೆ ಯಾರು ಯಾರು ಉಳಿಯುವರೆಂಬುದನ್ನು ಊಹಿಸಿ ಬರೆಯಬೇಕು. ಕೆಲವು ವಾರಗಳ ನಂತರ ಮತ್ತೆ ಮತಗಟ್ಟೆಗೆ ಬರುವವನಿಗೆ ಊಹೆ ಬೇಕಿಲ್ಲ. ಇಬ್ಬರು ಎದುರಿಗೆ ನಿಂತಿರುತ್ತಾರೆ. ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರಾಷ್ಟ್ರಪತಿಯ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷನ ಚುನಾವಣೆಗಾದರೋ 1987ರ ಪಕ್ಷಾಂತರ ನಿಷೇಧ ಅಧಿನಿಯಮದ ಬಲದಿಂದ ವಿಪ್ ಬರುತ್ತದೆ. ದೇಶದ ಮೊದಲ ಪ್ರಜೆಯನ್ನು ಆತ್ಮಸಾಕ್ಷಿಯಿಂದ ಆರಿಸಬಹುದು. ಊರಿನ ಮೊದಲ ಪ್ರಜೆಯನ್ನು ಆರಿಸುವಾಗ ಆತ್ಮಸಾಕ್ಷಿಗೆ ರಜೆ!

ಹಾಗಾದರೆ ಪುರಸಭೆಯ ಅಧ್ಯಕ್ಷನನ್ನು ಊರೇ ನೇರವಾಗಿ, ಬೇಕಾದರೆ ಎರಡು ಸುತ್ತುಗಳಲ್ಲಿ, ಆರಿಸುವಂತೆ ಮಾಡಬಾರದೇಕೆ? ಸಂವಿಧಾನದ ಅಡ್ಡಿಯಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯ 243-ಆರ್ ವಿಧಿ ಪೌರಸಂಸ್ಥೆಯ ಅಧ್ಯಕ್ಷನನ್ನು ಆರಿಸುವ ಬಗೆಯನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯದ ಶಾಸನಸಭೆಗೆ ಬಿಟ್ಟುಕೊಟ್ಟಿದೆ. ತಮಿಳುನಾಡು 1996ರಲ್ಲಿ ಮೇಯರುಗಳನ್ನು ನೇರವಾಗಿ ಆರಿಸಿತು. 2006ರಲ್ಲಿ ಪರೋಕ್ಷ ಪದ್ಧತಿಗೆ ಮರಳಿತು. 2011ರಲ್ಲಿ ಮತ್ತೆ ನೇರ, 2022ರಲ್ಲಿ ಮತ್ತೆ ಪರೋಕ್ಷ. ಮಧ್ಯಪ್ರದೇಶವೂ ನೇರದಿಂದ ಪರೋಕ್ಷಕ್ಕೆ ಹೊರಳಿ 2022ರಲ್ಲಿ ಮೇಯರುಗಳ ಮಟ್ಟಿಗೆ ನೇರ ಚುನಾವಣೆಗೆ ಹಿಂದಿರುಗಿತು. ಈ ಹೊರಳಾಟಗಳ ಹಿಂದೆ ಆಯಾ ಕಾಲದ ಆಳುವವರ ಅನುಕೂಲವಿತ್ತೇ ಎಂಬ ಅನುಮಾನ ಯಾರಿಗಾದರೂ ಬರತಕ್ಕದ್ದೇ. ಅದೇನೇ ಇರಲಿ, ನೇರ ಚುನಾವಣೆ ನಡೆದ ಈ ಎಡೆಗಳಲ್ಲಿಯೂ ಎರಡನೆಯ ಸುತ್ತು ಇರಲಿಲ್ಲ. ಎಲ್ಲರಿಗಿಂತ ಮುಂದಿದ್ದವನೇ ಗೆದ್ದವನು.

ಆಕ್ಷೇಪಗಳಿವೆ. ಅವುಗಳನ್ನು ಮುಚ್ಚಿಡುವುದು ಶಿಕ್ಷಕನ ಧರ್ಮವಲ್ಲ. ಎರಡು ಸಲ ಮತದಾನವೆಂದರೆ ಎರಡು ಸಲ ಖರ್ಚು. ನಿಜ. ಖರ್ಚಿಗೆ ಹೆದರುವವರು ರಾಷ್ಟ್ರಪತಿ ಚುನಾವಣೆಯಂತೆ ಒಂದೇ ಕಾಗದದಲ್ಲಿ ಎರಡನೆಯ ಪ್ರಾಶಸ್ತ್ಯವನ್ನು ಬರೆಸಿಕೊಳ್ಳಬಹುದು. ಲಂಡನ್ ನಗರದ ಮೇಯರನ್ನು 2000ದಿಂದ 2021ರವರೆಗೆ ಹೀಗೆಯೇ ಆರಿಸಿದರು. 2016ರಲ್ಲಿ ಸಾದಿಕ್ ಖಾನ್ ಮೊದಲ ಎಣಿಕೆಯಲ್ಲಿ ಶೇಕಡ 44ರಷ್ಟು ಪಡೆದು, ಎರಡನೆಯದರಲ್ಲಿ 57ರ ಹತ್ತಿರಕ್ಕೆ ಏರಿದ್ದರು. 2022ರ ಕಾನೂನು ಆ ಪದ್ಧತಿಯನ್ನು ತೆಗೆದುಹಾಕಿತು. 2024ರಲ್ಲಿ ಅವರೇ ಶೇಕಡ 44ರ ಸುಮಾರಿನ ಮತದಿಂದ ಒಂದೇ ಎಣಿಕೆಯಲ್ಲಿ ಗೆದ್ದರು. ವ್ಯಕ್ತಿ ಒಬ್ಬನೇ, ಮತದ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಮೊದಲ ಸಲ ಉಳಿದವರನ್ನು ಕೇಳಿದರು, ಎರಡನೆಯ ಸಲ ಕೇಳಲಿಲ್ಲ.

ಜನರಿಂದ ಆಯ್ಕೆಯಾದ ಅಧ್ಯಕ್ಷನಿಗೂ ವಾರ್ಡುಗಳಿಂದ ಬಂದ ಸದಸ್ಯರಿಗೂ ಹೊಂದಿಕೆಯಾಗದಿದ್ದರೆ ಆಯವ್ಯಯವೇ ಅಂಗೀಕಾರವಾಗದೆ ನಿಲ್ಲಬಹುದೆಂಬುದು ಮತ್ತೊಂದು ಆಕ್ಷೇಪ. ಇದೂ ಹುರುಳುಳ್ಳ ಮಾತೇ. ಇಬ್ಬರ ಅಧಿಕಾರದ ಗಡಿಯನ್ನು ಕಾನೂನು ಸ್ಪಷ್ಟವಾಗಿ ಗುರುತಿಸದಿದ್ದರೆ ಜಗಳ ಖಂಡಿತ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ; ಅದು ನಮ್ಮ ಇತಿಹಾಸದಿಂದಲೇ ಎದ್ದುಬರುವಂಥದು. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಒಂದು ಬಗೆಯ ಎರಡು ಸುತ್ತುಗಳ ಚುನಾವಣೆಯಿತ್ತು. ಮೀಸಲು ಸ್ಥಾನಗಳಿಗೆ ಮೊದಲು ದಲಿತ ಮತದಾರರು ಮಾತ್ರ ನಾಲ್ವರನ್ನು ಆರಿಸಬೇಕು. ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲ ಜಾತಿಗಳ ಮತದಾರರೂ ಸೇರಿ ಆರಿಸಬೇಕು. ಪರಿಣಾಮವೇನಾಯಿತು? 1945-46ರ ಚುನಾವಣೆಗಳಲ್ಲಿ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟ ಮೊದಲ ಹಂತದಲ್ಲಿ ಒಳ್ಳೆಯ ಬೆಂಬಲ ಗಳಿಸಿಯೂ ಅಂತಿಮ ಹಂತದಲ್ಲಿ ಬಹುತೇಕ ಎಲ್ಲೆಡೆಯೂ ಸೋತಿತು. ದಲಿತರು ಮೊದಲು ಬಯಸಿದವನನ್ನು ಉಳಿದವರು ಬಿಟ್ಟು, ತಮಗೆ ಬಗ್ಗುವವನನ್ನು ಆರಿಸಿಕೊಂಡರೆಂಬುದು ಅಂಬೇಡ್ಕರರ ಕಹಿಯಾದ ಅನುಭವ. ಎರಡನೆಯ ಸುತ್ತು ಅಲ್ಪಸಂಖ್ಯಾತರ ಕೈಯ ತಕ್ಕಡಿಯಾಗಬಲ್ಲಂತೆ ಬಹುಸಂಖ್ಯಾತರ ಕೈಯ ಕತ್ತರಿಯೂ ಆಗಬಲ್ಲದು. ಅಧ್ಯಕ್ಷ ಸ್ಥಾನ ಪರಿಶಿಷ್ಟರ ಸರದಿಗೆ ಬಂದಾಗ, ಊರಿನ ಬಲಾಢ್ಯರು ತಮ್ಮ ಮಾತು ಮೀರದವರನ್ನು ಎರಡನೆಯ ಸುತ್ತಿನಲ್ಲಿ ಗೆಲ್ಲಿಸಿಕೊಳ್ಳುವ ಅಪಾಯವನ್ನು ನಾನು ಅಲ್ಲಗಳೆಯಲಾರೆ.

ಆದರೆ ಎರಡು ಮಾತುಗಳನ್ನು ತೂಗಿನೋಡಬೇಕು. ಪುಣೆ ಒಪ್ಪಂದದ ಸ್ಥಾನಗಳು ಒಂದು ಸಮುದಾಯದ ದನಿಗಾಗಿ ಇದ್ದವು. ಆ ದನಿಯನ್ನು ಪರರು ಆರಿಸಿದ್ದು ಅನ್ಯಾಯವೇ. ನಮ್ಮಲ್ಲಿ ಆ ಕೆಲಸವನ್ನು ವಾರ್ಡಿನ ಸದಸ್ಯರು ಮಾಡುತ್ತಾರೆ, ಮಾಡಬೇಕು. ಅವರ ಚುನಾವಣೆ ಇದ್ದಂತೆಯೇ ಇರಲಿ. ಅಧ್ಯಕ್ಷಪೀಠ ಇಡೀ ಊರಿಗೆ ಸೇರಿದ್ದು. ಇದು ಒಂದು. ಬಗ್ಗುವವರನ್ನು ಹುಡುಕುವ ಕೆಲಸ ಈಗಿನ ಪದ್ಧತಿಯಲ್ಲಿ ಇಲ್ಲವೇ ಎಂಬುದು ಇನ್ನೊಂದು. ಹದಿಮೂರು ಕೈಗಳಿಂದ ಗೆದ್ದ ದಲಿತ ಮಹಿಳೆ ಆ ಹದಿಮೂರರಲ್ಲಿ ಒಂದೆರಡು ಕೆಳಗಿಳಿಯದಂತೆ ಪ್ರತಿದಿನ ನೋಡಿಕೊಳ್ಳಬೇಕು. ಊರಿನ ಅರ್ಧಕ್ಕಿಂತ ಹೆಚ್ಚು ಮತದಿಂದ ಗೆದ್ದ ಅದೇ ಮಹಿಳೆ ಸಭೆಯಲ್ಲಿ ಎದ್ದುನಿಂತು, "ನನ್ನನ್ನು ಇಲ್ಲಿಗೆ ಕಳಿಸಿದವರು ನೀವಲ್ಲ, ಊರು" ಎನ್ನಬಲ್ಲಳು. ಆ ಒಂದು ಮಾತಿನ ಬೆಲೆಯನ್ನು ಅಂಥ ಕುರ್ಚಿಯಲ್ಲಿ ಕುಳಿತವರೇ ಬಲ್ಲರು.

ಎರಡನೆಯ ಸುತ್ತು ಬಂದರೆ ಊರಿನ ಚರಂಡಿ ತಾನಾಗಿ ಹರಿಯತೊಡಗುತ್ತದೆಂದು ನಾನು ಹೇಳುವುದಿಲ್ಲ. ಚುನಾವಣೆಯ ನಿಯಮ ಒಳ್ಳೆಯವರನ್ನು ಹುಟ್ಟಿಸಲಾರದು. ಇರುವವರ ನಡತೆಯನ್ನು ಸ್ವಲ್ಪ ತಿದ್ದಬಲ್ಲದು, ಅಷ್ಟೆ. ಮುಂದೆ ತಾನು ಯಾರ ಮನೆಯ ಬಾಗಿಲನ್ನು ತಟ್ಟಬೇಕಾದೀತೆಂದು ತಿಳಿದವನು ಆ ಮನೆಯ ಮುಂದೆ ನಿಂತು ಬೈಯುವುದಿಲ್ಲ. ಮೊದಲ ಸುತ್ತಿನಲ್ಲಿ ನಾಲಗೆಯನ್ನು ಹಿಡಿತದಲ್ಲಿಡುವವನೇ ಎರಡನೆಯ ಸುತ್ತಿನಲ್ಲಿ ಮುಖವೆತ್ತಿ ಮತ ಕೇಳಬಲ್ಲವನು. ಜಾತಿಯ ಹೆಸರಿನಲ್ಲಿ, ಕೇರಿಯ ಹೆಸರಿನಲ್ಲಿ ಒಡೆದುಹೋಗುವ ನಮ್ಮಂಥ ಸಣ್ಣ ಊರುಗಳಿಗೆ ಈ ಸಣ್ಣ ಸಂಯಮ ದೊಡ್ಡ ಲಾಭ.

ಇದನ್ನು ಮಾಡುವ ಅಧಿಕಾರ ಬೆಂಗಳೂರಿನ ವಿಧಾನಸೌಧದಲ್ಲಿದೆ. ಮಾಡಿರೆಂದು ಕೇಳುವ ಅಧಿಕಾರ ನಮ್ಮಲ್ಲಿದೆ. ವಾರ್ಡಿನ ಮತ ಕೇಳಲು ಅಭ್ಯರ್ಥಿಗಳು ಮನೆಗೆ ಬಂದಾಗ ನೀರು, ರಸ್ತೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: "ಅಧ್ಯಕ್ಷರನ್ನು ಆರಿಸುವಾಗ ನಮ್ಮನ್ನು ಯಾಕೆ ಕೇಳುವುದಿಲ್ಲ, ಸ್ವಾಮಿ? ನಮ್ಮವರು ಸೋತರೆ ನಮ್ಮನ್ನು ಮತ್ತೊಮ್ಮೆ ಯಾಕೆ ಕೇಳಬಾರದು?" ಉತ್ತರ ಬಾರದಿರಬಹುದು. ಪ್ರಶ್ನೆ ಊರಿನಲ್ಲಿ ಉಳಿಯುತ್ತದೆ.